ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು

"ಅದರಲ್ಲಿ ಅಂಥಾದ್ದೇನಿದೆ ಅಂತ ಅಷ್ಟು ಹೊತ್ತು ನೋಡ್ತೀಯೋ!" ಜಪಾನಿನ ಅನಿಮೆ ಸರಣಿಗಳ ಮುಂದೆ ಕೂತ ಮಗನಿಗೋ ಮೊಮ್ಮಗಳಿಗೋ ಈ ಮಾತು ಬಿದ್ದೇ ಬೀಳುತ್ತದೆ. ಕೇಳಿದವರಿಗೆ ಉತ್ತರ ಬೇಕಿರುವುದಿಲ್ಲ, ಗದರಿದರೆ ಸಾಕು. ಕೇಳಿಸಿಕೊಂಡವರಿಗೂ ಉತ್ತರ ಹೊಳೆಯುವುದಿಲ್ಲ. "ಫೈಟ್ ಚೆನ್ನಾಗಿದೆ", "ಸ್ಟೋರಿ ಸೂಪರ್" ಎಂದು ತಪ್ಪಿಸಿಕೊಳ್ಳುತ್ತಾರೆ. ಆದರೂ ಪ್ರಶ್ನೆ ಒಳ್ಳೆಯದೇ. ವರ್ಷಕ್ಕೆ ಇಷ್ಟೊಂದು ಸರಣಿಗಳು ಬಂದು ಹೋಗುವಾಗ ಕೆಲವು ಮಾತ್ರ ಯಾಕೆ ಮನಸ್ಸಿನಲ್ಲಿ ತಳವೂರುತ್ತವೆ?

ಕಥೆಯಿಂದ ಎನ್ನೋಣವೇ? ರಾಕ್ಷಸನನ್ನು ಕೊಲ್ಲಲು ಹೊರಟ ವೀರ, ಪಂದ್ಯ ಗೆಲ್ಲಲು ಹೊರಟ ತಂಡ, ಅಮ್ಮನನ್ನು ಹುಡುಕಿ ಹೊರಟ ಮಗಳು - ಈ ಕಥೆಗಳು ಇಲ್ಲದ ನಾಡಿಲ್ಲ. ಚಿತ್ರದಿಂದ ಎನ್ನೋಣವೇ? ಕಣ್ಣು ಕೋರೈಸುವಂತೆ ಬರೆದಿದ್ದರೂ ಮೂರನೇ ಕಂತಿಗೇ ಆಕಳಿಕೆ ತರಿಸುವ ಸರಣಿಗಳು ಬೇಕಾದಷ್ಟಿವೆ. ನನಗೆ ತೋರುವುದು ಇಷ್ಟು: ಒಳ್ಳೆಯ ಅನಿಮೆಗೆ ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿರುತ್ತದೆ. ಯಾವುದರ ಮುಂದೆ ಅದು ನಿಲ್ಲುತ್ತದೋ ಅದರಲ್ಲೇ ಅದರ ಬೆಲೆಯಿದೆ.

ಈ ಜಾಣ್ಮೆ ಹುಟ್ಟಿದ್ದು ಬಡತನದಲ್ಲಿ. ಒಸಾಮು ತೆಜುಕಾ ಅವರ 'ಆಸ್ಟ್ರೊ ಬಾಯ್' 1963ರ ಜನವರಿ 1ರಂದು ಜಪಾನಿನ ಫ್ಯೂಜಿ ಟಿ.ವಿ.ಯಲ್ಲಿ ಶುರುವಾಯಿತು. ಅರ್ಧ ಗಂಟೆಯ ಕಂತು, ಅದೂ ವಾರಕ್ಕೊಂದು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮುಗಳು ಹಾಯ್ದುಹೋಗುತ್ತವೆ. ಡಿಸ್ನಿಯವರ ಹಾಗೆ ಪ್ರತಿ ಸೆಕೆಂಡಿಗೂ ಹನ್ನೆರಡೋ ಇಪ್ಪತ್ನಾಲ್ಕೋ ಚಿತ್ರ ಬರೆಯುತ್ತ ಕೂತರೆ ವಾರಕ್ಕೊಂದು ಕಂತು ಕೊಡುವುದು ಆಗದ ಮಾತು. ತೆಜುಕಾ ಅವರ ಮುಶಿ ಪ್ರೊಡಕ್ಷನ್ ಒಂದೊಂದು ಚಿತ್ರವನ್ನು ಮೂರು ಫ್ರೇಮುಗಳ ಕಾಲ ನಿಲ್ಲಿಸಿತು. ಸೆಕೆಂಡಿಗೆ ಎಂಟು ಚಿತ್ರದಲ್ಲಿ ಕೆಲಸ ಮುಗಿಯಿತು. ಪಾತ್ರ ಮಾತಾಡುವಾಗ ಬಾಯಿ ಮಾತ್ರ ಅಲುಗಿತು. ಒಮ್ಮೆ ಬರೆದ ಹಾರಾಟದ ದೃಶ್ಯವನ್ನು ಜೋಪಾನವಾಗಿ ಎತ್ತಿಟ್ಟು ಮುಂದಿನ ಕಂತುಗಳಲ್ಲಿ ಮತ್ತೆ ಬಳಸಿದರು. ಹೀಗೆ ಕೈ ಬಿಗಿಹಿಡಿದು ನಡೆಸಿದ ಸಂಸಾರ 1966ರ ಕೊನೆಯ ದಿನದವರೆಗೆ, 193 ಕಂತುಗಳ ಕಾಲ ಸಾಗಿತು. ಜಪಾನಿನ ಟಿ.ವಿ. ಅನಿಮೆಗೆ ಅದೇ ದಾರಿಯಾಯಿತು.

ಈ ಮಿತವ್ಯಯದ ಹಿಂದೆ ಇನ್ನೊಂದು ಸಂಗತಿಯಿದೆ. ಕ್ಯಾಮೆರಾ ಹಿಡಿದು ಬೀದಿಗಿಳಿದರೆ ಅಡ್ಡ ಬಂದ ನಾಯಿ, ಬಾಲ್ಕನಿಯಲ್ಲಿ ಒಣಗುವ ಬಟ್ಟೆ, ಹಾಯುವ ಮೋಡ ಎಲ್ಲವೂ ಕೇಳದೆಯೇ ಬಂದು ಸೇರಿಕೊಳ್ಳುತ್ತವೆ. ಅನಿಮೆಯಲ್ಲಿ ಹಾಗೆ ಬಿಟ್ಟಿ ಬರುವುದು ಯಾವುದೂ ಇಲ್ಲ. ಯಾರೋ ಒಬ್ಬರು ಕೂತು ಬರೆದರೆ ಮಾತ್ರ ಎಲೆ ಅಲುಗುತ್ತದೆ, ಚಹಾದ ಮೇಲೆ ಹಬೆ ಏಳುತ್ತದೆ. ಬೆರಳೆಣಿಕೆಯ ಚಿತ್ರಗಳಲ್ಲಿ ಸಂಸಾರ ತೂಗಿಸುವವರು ಆ ಹಬೆಗಾಗಿ ಒಂದಷ್ಟು ಚಿತ್ರಗಳನ್ನು ಕೊಟ್ಟರೆಂದರೆ, ಅದು ಅವರಿಗೆ ಬೇಕಾಗಿತ್ತು ಎಂದೇ ಅರ್ಥ.

1974ರ 'ಹೈದಿ'ಯನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಬೆಟ್ಟದಲ್ಲಿ ಅಜ್ಜನ ಜತೆ ಬದುಕುವ ಅನಾಥ ಹುಡುಗಿಯ 52 ಕಂತುಗಳ ಕಥೆ. ನಿರ್ದೇಶಕರು ಇಸಾವೊ ತಕಹಾತಾ. ದೃಶ್ಯಗಳ ವಿನ್ಯಾಸ ಆಗಿನ್ನೂ ಹೆಸರು ಮಾಡಿರದ ಹಯಾವೊ ಮಿಯಾಜಾಕಿ ಅವರದು. ಮಕ್ಕಳ ಕಾರ್ಯಕ್ರಮಕ್ಕಾಗಿ ಈ ತಂಡ 1973ರಲ್ಲಿ ಸ್ವಿಟ್ಜರ್ಲೆಂಡಿಗೇ ಹೋಗಿ ಆ ಊರು, ಬೆಟ್ಟ, ಮನೆಗಳನ್ನು ಕಣ್ಣಾರೆ ನೋಡಿ ಬಂದಿತ್ತು. ಅಷ್ಟು ದೂರ ಹೋಗಿ ಬಂದು ತೋರಿಸಿದ್ದಾದರೂ ಏನು? ಒಂದರ ಮೇಲೊಂದು ಹೇರಿದ್ದ ಬಟ್ಟೆಗಳನ್ನು ಬೆಟ್ಟ ಹತ್ತುತ್ತ ಹತ್ತುತ್ತ ಕಳಚಿ ಎಸೆಯುವ ಹುಡುಗಿ. ಬೆಂಕಿಗೆ ಹಿಡಿದ ಚೀಸು ನಿಧಾನವಾಗಿ ಕರಗಿ ಬ್ರೆಡ್ಡಿನ ಮೇಲೆ ಇಳಿಯುವುದು. ಅಲ್ಲಿ ರಾಕ್ಷಸನಿಲ್ಲ, ಯುದ್ಧವಿಲ್ಲ. ಆ ಚೀಸು ಮಾತ್ರ ಇಂದಿಗೂ ಜಪಾನೀಯರ ನಾಲಗೆಯಲ್ಲಿ ನೀರೂರಿಸುತ್ತದೆ.

ನಮ್ಮಲ್ಲೂ ಈ ಮನೆತನದ ಒಂದು ಕೂಸನ್ನು ನೋಡಿ ಬೆಳೆದವರಿದ್ದಾರೆ. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಮೋಗ್ಲಿಯ 'ಜಂಗಲ್ ಬುಕ್' ನೆನಪಿರಬಹುದು. ಗುಲ್ಜಾರರ ಹಿಂದಿ ಹಾಡು ಕರ್ನಾಟಕದ ಹಳ್ಳಿ ಮಕ್ಕಳ ಬಾಯಲ್ಲೂ ಇತ್ತು. ಕಿಪ್ಲಿಂಗರ ಕಥೆ, ನಮ್ಮ ದೇಶದ ಕಾಡು. ಬರೆದದ್ದು ಮಾತ್ರ ಜಪಾನಿನ ನಿಪ್ಪಾನ್ ಅನಿಮೇಷನ್. 'ಹೈದಿ' ಮಾಡಿದ ಬಳಗದಿಂದಲೇ 1975ರಲ್ಲಿ ಕವಲೊಡೆದ ಸಂಸ್ಥೆ ಅದು. ನಾವು ಅನಿಮೆ ನೋಡುತ್ತಿದ್ದೇವೆಂದು ನಮಗೆ ಗೊತ್ತಿರಲಿಲ್ಲ, ಅಷ್ಟೇ. ಈಗಿನ ಹುಡುಗರನ್ನು ಗದರುವ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಮಂದಿ ಆ ಕಾಲದ ಪ್ರೇಕ್ಷಕರೇ.

ನಿಲ್ಲುವುದು ಬೇರೆ, ಎಳೆಯುವುದು ಬೇರೆ. 'ಡ್ರ್ಯಾಗನ್ ಬಾಲ್ ಝಡ್'ನಲ್ಲಿ ಖಳನಾಯಕ ಫ್ರೀಜಾ, ಈ ಗ್ರಹ ಇನ್ನೈದು ನಿಮಿಷದಲ್ಲಿ ಸಿಡಿಯುತ್ತದೆ ಎನ್ನುತ್ತಾನೆ. ಆ ಐದು ನಿಮಿಷ ಮುಗಿಯಲು ಎಷ್ಟೋ ಕಂತುಗಳು ಬೇಕಾದವು. ಅಭಿಮಾನಿಗಳೇ ಇದನ್ನು ಹೇಳಿಕೊಂಡು ನಗುತ್ತಾರೆ. ಪಾಪ, ಅದಕ್ಕೂ ಕಾರಣವಿತ್ತು. ಮಂಗಾ ಎಂಬ ಚಿತ್ರಕಥೆ ವಾರಕ್ಕಿಷ್ಟು ಪುಟದಂತೆ ಪತ್ರಿಕೆಯಲ್ಲಿ ಬರುತ್ತಿರುವಾಗಲೇ ಅದರ ಬೆನ್ನಿಗೆ ಟಿ.ವಿ. ಸರಣಿಯೂ ಓಡುತ್ತಿತ್ತು. ಟಿ.ವಿ.ಯವರು ಮೂಲವನ್ನು ಹಿಂದಿಕ್ಕಿದರೆ ಮುಂದೆ ಹೇಳಲು ಕಥೆಯೇ ಇರುವುದಿಲ್ಲ. ಹಾಗಾಗಿ ಮುಖವನ್ನು ದಿಟ್ಟಿಸುತ್ತ, ಗುಡುಗುತ್ತ, ಹಿಂದಿನದನ್ನು ನೆನಪಿಸುತ್ತ ಹೊತ್ತು ಕಳೆಯಬೇಕು. ಅಲ್ಲಿ ನಿಂತದ್ದು ಕಥೆಗಾಗಿಯಲ್ಲ, ಕ್ಯಾಲೆಂಡರಿಗಾಗಿ. ನೋಡುವವರಿಗೆ ಈ ವ್ಯತ್ಯಾಸ ತಕ್ಷಣ ತಿಳಿದುಬಿಡುತ್ತದೆ.

ನಿಲ್ಲುವುದನ್ನೇ ಕಲೆಯಾಗಿಸಿದ ಸರಣಿ ನೋಡಬೇಕೆಂದರೆ 2016 ಮತ್ತು 2017ರಲ್ಲಿ ಬಂದ 'ಶೋವಾ ಗೆನ್‌ರೊಕು ರಕುಗೊ ಶಿಂಜು' ಇದೆ. ರಕುಗೊ ಜಪಾನಿನ ಹಳೆಯ ಕಥನಕಲೆ. ಕಥೆಗಾರ ದಿಂಬಿನ ಮೇಲೆ ಮಂಡಿಯೂರಿ ಕೂರುತ್ತಾನೆ, ಎದ್ದೇಳುವಂತಿಲ್ಲ. ಕೈಯಲ್ಲಿ ಒಂದು ಬೀಸಣಿಗೆ, ಒಂದು ಕರವಸ್ತ್ರ. ತಲೆ ಎಡಕ್ಕೆ ತಿರುಗಿಸಿದರೆ ಗಂಡ, ಬಲಕ್ಕೆ ತಿರುಗಿಸಿದರೆ ಹೆಂಡತಿ. ವೇಷವಿಲ್ಲದೆ, ಕೂತಲ್ಲೇ ಮಾತಿನಲ್ಲಿ ಕೃಷ್ಣನನ್ನೂ ಕರ್ಣನನ್ನೂ ಕಟ್ಟಿ ನಿಲ್ಲಿಸುವ ತಾಳಮದ್ದಳೆ ಕೇಳಿದವರಿಗೆ ಇದರ ರುಚಿಯನ್ನು ವಿವರಿಸಬೇಕಾಗಿಲ್ಲ.

ಚಲನೆಯೇ ಜೀವಾಳವಾದ ಮಾಧ್ಯಮದಲ್ಲಿ ಅಲುಗಾಡದೆ ಕೂತವನ ಕಥೆ ಹೇಳುವುದೆಂದರೆ ಸಾಹಸವೇ. ಹರುಕೊ ಕುಮೊತಾ ಅವರ ಮಂಗಾ ಆಧರಿಸಿದ ಈ ಸರಣಿ ಆ ಸಾಹಸಕ್ಕೆ ಇಳಿಯುತ್ತದೆ. ಜೈಲಿನಿಂದ ಬಿಡುಗಡೆಯಾದ ಯೊತಾರೊ ಎಂಬ ಪುಂಡ ನೇರವಾಗಿ ದೊಡ್ಡ ಕಲಾವಿದ ಯಾಕುಮೊನ ಬಳಿ ಬಂದು ಶಿಷ್ಯನಾಗಿ ಸೇರಿಸಿಕೊಳ್ಳಿ ಎಂದು ಕಾಲಿಗೆ ಬೀಳುತ್ತಾನೆ. ಜೈಲಿಗೆ ಬಂದಿದ್ದ ಯಾಕುಮೊ ಹೇಳಿದ ಸಾವಿನ ದೇವರ ಕಥೆ ಅವನ ತಲೆಯಿಂದ ಇಳಿದೇ ಇರುವುದಿಲ್ಲ. ಹಳೆಯ ಗ್ಯಾಂಗಿನ ಅಣ್ಣ ಅವನನ್ನು ವಾಪಸು ಎಳೆದುಕೊಂಡು ಹೋಗಲು ಬಂದಾಗ, ಮೊದಲು ಬಂದು ನನ್ನ ಕಥೆ ಕೇಳು ಎನ್ನುತ್ತಾನೆ ಯೊತಾರೊ. ವೇದಿಕೆ ಏರಿ ಹೇಳುವುದು ಒಬ್ಬ ಪೆದ್ದು ಕಳ್ಳನ ಕಥೆ. ಸರಣಿ ಆ ಕಥೆಯನ್ನು 'ಹೇಳಿದನು' ಎಂದು ಹಾರಿಸಿ ಮುಂದೆ ಹೋಗುವುದಿಲ್ಲ. ಹೆಚ್ಚುಕಡಿಮೆ ಪೂರ್ತಿಯಾಗಿ ಕೇಳಿಸುತ್ತದೆ. ಮೊದಲು ಯಾರೂ ನಗುವುದಿಲ್ಲ. ಹಣೆಯಲ್ಲಿ ಬೆವರು. ಎಲ್ಲೋ ಒಂದು ನಗು. ಆಮೇಲೆ ಇನ್ನೊಂದು. ಕೊನೆಗೆ ಎಳೆದೊಯ್ಯಲು ಬಂದ ಗ್ಯಾಂಗಿನ ಅಣ್ಣನೂ ನಕ್ಕುಬಿಡುತ್ತಾನೆ. ಒಬ್ಬ ಮನುಷ್ಯನ ಬದುಕು ಬದಲಾದದ್ದು ನಮಗೆ ಸುದ್ದಿಯಾಗಿ ಬರುವುದಿಲ್ಲ, ನಮ್ಮೆದುರೇ ಆಗುತ್ತದೆ. ಇದೇ ಯೊತಾರೊ ಮುಂದೆ ಗುರುವಿನ ಕಾರ್ಯಕ್ರಮದಲ್ಲಿ ನಿದ್ದೆ ಹೋಗಿ ಗೊರಕೆ ಹೊಡೆದು ಹೊರಗೆ ಅಟ್ಟಿಸಿಕೊಳ್ಳುತ್ತಾನೆ ಎಂಬುದೂ ಕಥೆಯ ಸೊಗಸು. ಯಾಕುಮೊನಿಗೆ ದನಿ ಕೊಟ್ಟ ಅಕಿರಾ ಇಶಿದಾ ಆ ಪಾತ್ರದ ಹರೆಯ, ಮುಪ್ಪು ಎರಡನ್ನೂ ದನಿಯಲ್ಲೇ ಕಾಣಿಸುತ್ತಾರೆ. ಚಿತ್ರ ಸುಮ್ಮನಿದ್ದಾಗ ದನಿ ದುಡಿಯುವ ಬಗೆ ಇದು.

ಹಾಗಾದರೆ ವೇಗದ ಸರಣಿಗಳಿಗೆ ಈ ಮಾತು ಸಲ್ಲುವುದಿಲ್ಲವೇ? ಸಲ್ಲುತ್ತದೆ. ಹರುಯಿಚಿ ಫುರುದಾತೆ ಅವರ 'ಹೈಕ್ಯೂ' ಹೈಸ್ಕೂಲು ವಾಲಿಬಾಲ್ ತಂಡವೊಂದರ ಕಥೆ. ಚೆಂಡಿನ ಹಿಂದೆ ನಮ್ಮ ಕಣ್ಣೂ ಓಡಬೇಕು, ಹಾಗಿದೆ ಅದರ ಗತಿ. 2016ರಲ್ಲಿ ಬಂದ ಮೂರನೇ ಸೀಸನ್ನಿನ ಹತ್ತು ಕಂತುಗಳೂ ಒಂದೇ ಒಂದು ಪಂದ್ಯ. ಕರಾಸುನೊ ಶಾಲೆ, ಶಿರಾತೊರಿಜಾವಾ ಶಾಲೆ, ಐದು ಸೆಟ್ಟು. ಅದರ ನಡುವೆ ತ್ಸುಕಿಶಿಮಾ ಎಂಬ ಎತ್ತರದ ಹುಡುಗನೊಬ್ಬನಿದ್ದಾನೆ. ಕ್ಲಬ್ಬಿನ ಆಟಕ್ಕೆ ಯಾಕೆ ಇಷ್ಟು ಒದ್ದಾಡಬೇಕು ಎನ್ನುವ ಅಸಡ್ಡೆಯವನು. ಅವನ ಅಣ್ಣ ಶಾಲೆಯ ತಂಡದಲ್ಲಿ ತಾನೇ ಮುಖ್ಯ ಆಟಗಾರ ಎಂದು ತಮ್ಮನಿಗೆ ಸುಳ್ಳು ಹೇಳಿದ್ದ. ಪಂದ್ಯ ನೋಡಲು ಹೋದ ತಮ್ಮನಿಗೆ ಅಣ್ಣ ಕಂಡದ್ದು ಪ್ರೇಕ್ಷಕರ ಸಾಲಿನಲ್ಲಿ. ಅಂದಿನಿಂದ ಅವನಿಗೆ ಮೈಮರೆತು ಆಡುವುದೆಂದರೆ ಭಯ. ಎದುರಾಳಿ ತಂಡದ ಉಶಿಜಿಮಾನ ಹೊಡೆತವನ್ನು ಯಾರಿಂದಲೂ ತಡೆಯಲಾಗದು ಎಂಬಂತಿದ್ದಾಗ, ಇದೇ ಹುಡುಗ ಸೆಟ್ಟಿನುದ್ದಕ್ಕೂ ಲೆಕ್ಕ ಹಾಕುತ್ತ, ಕಾಯುತ್ತ, ಕೊನೆಗೊಮ್ಮೆ ಅದನ್ನು ತಡೆದು ನೆಲಕ್ಕೆ ಕೆಡವುತ್ತಾನೆ. ಸ್ಕೋರ್ ಬೋರ್ಡಿನಲ್ಲಿ ಅದು ಒಂದು ಪಾಯಿಂಟು. ಆದರೆ ಅವನು ಮುಷ್ಟಿ ಬಿಗಿದು ಕೂಗಿದಾಗ, ನೋಡುವವರೂ ಕೂತಲ್ಲಿಂದ ಎದ್ದುಬಿಡುತ್ತಾರೆ. ಆ ಒಂದು ಪಾಯಿಂಟಿಗಾಗಿ ಸರಣಿ ಎಷ್ಟೋ ಕಂತುಗಳ ಹಿಂದಿನಿಂದಲೇ ದುಡ್ಡು ಕೂಡಿಡುತ್ತ ಬಂದಿತ್ತು.

ನನಗೆ ಅದಕ್ಕಿಂತ ಹಿಡಿಸಿದ್ದು 2014ರ ಮೊದಲ ಸೀಸನ್ನಿನ ಇನ್ನೊಂದು ಕಂತು. ಕರಾಸುನೊ ಪಂದ್ಯಾವಳಿಯ ತನ್ನ ಮೊದಲ ಪಂದ್ಯದಲ್ಲಿ ತೊಕೊನಾಮಿ ಎಂಬ ತಂಡವನ್ನು ಸುಲಭವಾಗಿ ಸೋಲಿಸುತ್ತದೆ. ತೊಕೊನಾಮಿಯವರಲ್ಲಿ ವಿಶೇಷ ಪ್ರತಿಭೆ ಇಲ್ಲ, ಕಥೆಯಲ್ಲಿ ಮುಂದೆ ಅವರ ಕೆಲಸವೂ ಇಲ್ಲ. ಇಂಥವರನ್ನು ಒಂದೇ ನಿಮಿಷದಲ್ಲಿ ಸೋಲಿಸಿ ಮುಂದೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸರಣಿ ಅಲ್ಲಿ ನಿಲ್ಲುತ್ತದೆ. ನಾವೂ ವಾಲಿಬಾಲ್ ಆಡಿದೆವು ಎಂಬ ಅವರ ಸಮಾಧಾನಕ್ಕೂ ದುಃಖಕ್ಕೂ ಜಾಗ ಕೊಡುತ್ತದೆ. ಪಂದ್ಯಾವಳಿ ಎಂದರೆ ಒಬ್ಬರು ಗೆಲ್ಲುವುದು, ಉಳಿದವರೆಲ್ಲ ಸೋಲುವುದು. ಗೆದ್ದವರ ಕಥೆಯಲ್ಲಿ ಸೋತವರಿಗೂ ಒಂದಿಷ್ಟು ಹೊತ್ತು ಎತ್ತಿಡುವ ಕಥೆಗಾರನನ್ನು ನಂಬಬಹುದು.

ದೃಶ್ಯದ ಅದ್ದೂರಿಗೂ ಅದರ ಬಲಕ್ಕೂ ನಂಟಿಲ್ಲ ಎನ್ನುವುದಕ್ಕೆ ಅತ್ಸುಕೊ ಇಶಿಜುಕಾ ನಿರ್ದೇಶನದ, 2018ರ 'ಎ ಪ್ಲೇಸ್ ಫರ್ದರ್ ದ್ಯಾನ್ ದ ಯೂನಿವರ್ಸ್' ಸಾಕ್ಷಿ. ಹದಿಮೂರೇ ಕಂತು. ನಾಲ್ವರು ಹೈಸ್ಕೂಲು ಹುಡುಗಿಯರು ಅಂಟಾರ್ಕ್ಟಿಕಾಕ್ಕೆ ಹೋಗುತ್ತಾರೆ. ಅವರಲ್ಲಿ ಶಿರಾಸೆಯ ಅಮ್ಮ ಮೂರು ವರ್ಷದ ಹಿಂದೆ ಅಲ್ಲೇ ಹಿಮದಲ್ಲಿ ಕಳೆದುಹೋದವಳು. ಮಗಳು ಸಣ್ಣಪುಟ್ಟ ಕೆಲಸ ಮಾಡಿ ಹತ್ತು ಲಕ್ಷ ಯೆನ್ ಕೂಡಿಟ್ಟಿದ್ದಾಳೆ. ಅಮ್ಮನಿಗೆ ಇ-ಮೇಲ್ ಬರೆಯುವುದನ್ನು ಬಿಟ್ಟಿಲ್ಲ. ಹನ್ನೆರಡನೇ ಕಂತಿನಲ್ಲಿ ಗೆಳತಿಯರು ಅಮ್ಮನ ಲ್ಯಾಪ್‌ಟಾಪ್ ಹುಡುಕಿ ತರುತ್ತಾರೆ. ಶಿರಾಸೆ ಅದನ್ನು ತೆರೆಯುತ್ತಾಳೆ, ತನ್ನ ಹುಟ್ಟಿದ ದಿನವೇ ಪಾಸ್‌ವರ್ಡ್. ಓದದೆ ಉಳಿದ ಮೇಲ್‌ಗಳು ಒಂದೊಂದಾಗಿ ಇಳಿಯತೊಡಗುತ್ತವೆ, ಎಲ್ಲವೂ ಅವಳೇ ಬರೆದವು. ಸಂಖ್ಯೆ ಏರುತ್ತ ಏರುತ್ತ ಸಾವಿರ ದಾಟುತ್ತದೆ. ತೆರೆಯ ಮೇಲೆ ಚಲಿಸುವುದು ಆ ಪಟ್ಟಿ ಮತ್ತು ಆ ಸಂಖ್ಯೆ, ಹೆಚ್ಚೇನಿಲ್ಲ. ಬರೆಯಲು ಇಷ್ಟು ಅಗ್ಗವಾದ ದೃಶ್ಯ ಇನ್ನೊಂದಿರಲಾರದು. ಅಮ್ಮ ಇಲ್ಲ ಎಂಬುದು ಅವಳಿಗೆ ಮೊದಲೇ ಗೊತ್ತು. ಗೊತ್ತಿದ್ದದ್ದು ಎದೆಗೆ ಇಳಿಯುವುದು ಈ ಕ್ಷಣದಲ್ಲಿ. ಇಲ್ಲಿ ಯಾರಾದರೂ ವಿವರಿಸಲು ಹೊರಟಿದ್ದರೆ ಎಲ್ಲ ಕೆಡುತ್ತಿತ್ತು.

ನಿಲ್ಲುವ ಈ ವಿದ್ಯೆಯನ್ನೇ ಕಥೆಯಾಗಿಸಿಕೊಂಡದ್ದು 'ಫ್ರೀರೆನ್'. ಮ್ಯಾಡ್‌ಹೌಸ್ ಸ್ಟುಡಿಯೊದ ಈ ಸರಣಿಯ ಮೊದಲ ಸೀಸನ್ನಿನ 28 ಕಂತುಗಳು 2023ರ ಸೆಪ್ಟೆಂಬರಿನಿಂದ 2024ರ ಮಾರ್ಚ್‌ವರೆಗೆ ಪ್ರಸಾರವಾದವು. ರಾಕ್ಷಸರಾಜನನ್ನು ಕೊಂದು, ಹತ್ತು ವರ್ಷದ ಪಯಣ ಮುಗಿಸಿ ನಾಲ್ವರು ಊರಿಗೆ ಮರಳುವಲ್ಲಿ ಕಥೆ ಶುರುವಾಗುತ್ತದೆ. ಬೇರೆಯವರು ಮುಗಿಸುವ ಕಡೆ ಇವರು ಆರಂಭಿಸುತ್ತಾರೆ. ನಾಲ್ವರಲ್ಲಿ ಫ್ರೀರೆನ್ ಸಾವಿರ ವರ್ಷ ಮೀರಿ ಬದುಕಿದ ಮಂತ್ರಗಾತಿ. ಹತ್ತು ವರ್ಷ ಅವಳಿಗೆ ಲೆಕ್ಕಕ್ಕೇ ಇಲ್ಲ. ಐವತ್ತು ವರ್ಷ ಬಿಟ್ಟು ಬರುವಷ್ಟರಲ್ಲಿ ಜತೆಗಾರ ಹಿಮ್ಮೆಲ್ ಮುದುಕನಾಗಿರುತ್ತಾನೆ, ಸ್ವಲ್ಪ ದಿನದಲ್ಲೇ ತೀರಿಕೊಳ್ಳುತ್ತಾನೆ. ಅವನನ್ನು ಮಣ್ಣು ಮಾಡುವಾಗ ಅವಳಿಗೆ ಅಳು ಬರುತ್ತದೆ: ಮನುಷ್ಯರ ಆಯಸ್ಸು ಚಿಕ್ಕದೆಂದು ಗೊತ್ತಿದ್ದೂ ಇವನನ್ನು ಅರಿಯಲು ನಾನು ಯಾಕೆ ಹೊತ್ತು ಕೊಡಲಿಲ್ಲ? ಉಳಿದ ಕಂತುಗಳೆಲ್ಲ ಆ ಸಾಲವನ್ನು ತೀರಿಸುವ ಪಯಣ.

ಹಾಗೆಂದು ಸರಣಿ ಅಳುತ್ತ ಕೂರುವುದಿಲ್ಲ. ಸಿಹಿ ದ್ರಾಕ್ಷಿಯನ್ನು ಹುಳಿ ಮಾಡುವಂಥ ಕೆಲಸಕ್ಕೆ ಬಾರದ ಮಂತ್ರಗಳನ್ನು ಫ್ರೀರೆನ್ ಆಸೆಯಿಂದ ಕೂಡಿಹಾಕುತ್ತಾಳೆ, ಬೆಳಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ಅಂಥವಳು ಒಮ್ಮೆ ಹೊಸ ವರ್ಷದ ಸೂರ್ಯೋದಯ ನೋಡಲು ಕಷ್ಟಪಟ್ಟು ಎದ್ದು ಕಡಲತೀರಕ್ಕೆ ಹೋಗುತ್ತಾಳೆ. ಹಿಂದೆ ಗೆಳೆಯರು ಕರೆದಾಗ ಮಲಗೇ ಇದ್ದಳು. ಸೂರ್ಯ ಹುಟ್ಟುತ್ತಾನೆ. ಇದರಲ್ಲಿ ಅಂಥ ವಿಶೇಷವೇನೂ ಇಲ್ಲ ಎಂದೇ ಅವಳಿಗೆ ಅನಿಸುತ್ತದೆ. ಆಗ ಪಕ್ಕದಲ್ಲಿದ್ದ ಶಿಷ್ಯೆ ಫರ್ನ್‌ಳ ಮುಖದಲ್ಲಿ ಅರಳಿದ ಖುಷಿ ಕಣ್ಣಿಗೆ ಬೀಳುತ್ತದೆ. ಗೆಳೆಯರು ಕರೆದದ್ದು ಸೂರ್ಯನಿಗಾಗಿ ಅಲ್ಲ ಎಂದು ಆಗ ಗೊತ್ತಾಗುತ್ತದೆ. ಯುದ್ಧಗಳು ಈ ಸರಣಿಯಲ್ಲಿ ಹಲವಾರಿವೆ. ಎಷ್ಟೋ ಸಲ ಅವು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತವೆ. ಸೂರ್ಯೋದಯಕ್ಕೆ ಮಾತ್ರ ಅವಸರವಿಲ್ಲ.

ನಿಲ್ಲುವ ವಿದ್ಯೆಯ ಕೊನೆಯ ಪಾಠ, ಪೂರ್ತಿಯಾಗಿ ನಿಲ್ಲಿಸುವುದು. ಹೊಕ್ಕಾಯ್ಡೊದ ಹೈನುಗಾರ ಕುಟುಂಬದಲ್ಲಿ ಬೆಳೆದ ಹಿರೊಮು ಅರಕಾವಾ ಬರೆದ 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಎರಡು ಬಾರಿ ಸರಣಿಯಾಯಿತು. 2003ರಲ್ಲಿ ಮೂಲಕಥೆ ಮುಗಿದಿರಲಿಲ್ಲವಾಗಿ 51 ಕಂತುಗಳ ಆ ಸರಣಿ ಅರ್ಧದಿಂದ ತನ್ನದೇ ದಾರಿ ಹಿಡಿಯಿತು. 2009ರಲ್ಲಿ ಶುರುವಾದ 'ಬ್ರದರ್‌ಹುಡ್' ಮೂಲದ ಜತೆಜತೆಗೇ ನಡೆದು, 2010ರಲ್ಲಿ ಮೂಲ ಮುಗಿದ ಬೆನ್ನಿಗೆ ತಾನೂ 64ನೇ ಕಂತಿಗೆ ಮುಗಿಯಿತು. ಜನಪ್ರಿಯತೆ ಇತ್ತು, ಇನ್ನೂರು ಕಂತು ಎಳೆಯಬಹುದಿತ್ತು. ಎಳೆಯಲಿಲ್ಲ. ತಪ್ಪು ಮಾಡಿದ ಕಥಾನಾಯಕ ಅಣ್ಣತಮ್ಮಂದಿರು ಬೆಲೆ ತೆತ್ತರು, ಯುದ್ಧದಲ್ಲಿ ಒಂದು ಜನಾಂಗವನ್ನೇ ಕೊಂದ ಸೈನಿಕರು ತಮ್ಮ ಪಾಪದ ಹೊರೆ ಒಪ್ಪಿಕೊಂಡರು, ಕಥೆ ಮುಗಿಯಿತು. ಅದಕ್ಕೇ ಹೊಸಬರಿಗೆ ಯಾವುದನ್ನು ಮೊದಲು ನೋಡಲಿ ಎಂಬ ಪ್ರಶ್ನೆ ಬಂದಾಗ ಇದರ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ನೋಡುವವರಿಗೂ ಇದೆ. ಈಗ ಒಂದೂವರೆ ಪಟ್ಟು ವೇಗದಲ್ಲಿ ನೋಡುವ, ಮಾತಿಲ್ಲದ ಕಡೆ ಹತ್ತು ಸೆಕೆಂಡು ಹಾರಿಸುವ ರೂಢಿ ಬೆಳೆಯುತ್ತಿದೆ. ಜಪಾನಿನಲ್ಲೇ ಈ ಚಾಳಿಯ ಬಗ್ಗೆ 2022ರಲ್ಲಿ ತೊಯೊಶಿ ಇನಾದಾ ಎಂಬವರ ಪುಸ್ತಕ ಬಂತು. ನೋಡಬೇಕಾದದ್ದು ಇಷ್ಟೊಂದಿದೆ, ದಿನಕ್ಕಿರುವುದು ಇಪ್ಪತ್ನಾಲ್ಕೇ ಗಂಟೆ, ಏನು ಮಾಡುವುದು ಎಂಬ ವಾದ ಅರ್ಥವಾಗುತ್ತದೆ. ಆದರೆ ವೇಗ ಹೆಚ್ಚಿಸಿದವರ ಕೈಯಲ್ಲಿ ಕೊನೆಗೆ ಉಳಿಯುವುದು ಏನಾಯಿತು ಎಂಬ ವರದಿ. ಅದನ್ನು ಹತ್ತು ಸಾಲಿನಲ್ಲಿ ಯಾರು ಬೇಕಾದರೂ ಹೇಳಿಯಾರು. ಚಿತ್ರಗಾರರು ಲೆಕ್ಕ ಹಾಕಿ, ಉಳಿಸಿ, ಕೂಡಿಟ್ಟು ಕೊಟ್ಟ ಹೊತ್ತು ಮಾತ್ರ ಸೋರಿಹೋಗಿರುತ್ತದೆ.

ಆದ್ದರಿಂದ ಯಾವ ಸರಣಿ ನೋಡಲಿ ಎಂದು ಕೇಳುವವರಿಗೆ ಹೆಸರುಗಳ ಪಟ್ಟಿಗಿಂತ ಒಂದು ಒರೆಗಲ್ಲು ಹೆಚ್ಚು ಉಪಯೋಗಕ್ಕೆ ಬರಬಹುದು. ಮೊದಲ ಮೂರು ಕಂತು ಅದರದೇ ಗತಿಯಲ್ಲಿ ನೋಡಿ. ಹೊಡೆದಾಟ, ಕಿರುಚಾಟ ಇಲ್ಲದ ಕಡೆಯೂ ಕೈ ಮೊಬೈಲಿನತ್ತ ಹೋಗದಿದ್ದರೆ ಮುಂದುವರಿಸಿ. ಹೋದರೆ ಸಂಕೋಚವಿಲ್ಲದೆ ಬಿಟ್ಟುಬಿಡಿ, ಎಷ್ಟೇ ಹೆಸರುವಾಸಿಯಾದರೂ ಸರಿ. ಹನ್ನೆರಡು ಕಂತಿನ ಸರಣಿಗೆ ನಮ್ಮ ಆಯಸ್ಸಿನ ಐದು ಗಂಟೆ ಹೋಗುತ್ತದೆ. ಅದನ್ನು ಪಡೆಯುವ ಹಕ್ಕು, ತನ್ನ ಹೊತ್ತನ್ನೂ ಎಣಿಸಿ ಖರ್ಚು ಮಾಡಿದ ಕಥೆಗೆ ಮಾತ್ರ ಇದೆ.